ಪಟ್ಟಿಗೆ ಸಿಗುವ ಭಕ್ತಿ, ಪಟ್ಟಿಗೆ ಸಿಗದ ಭಕ್ತಿ: ‘ಫೇತ್ ಆನ್ ದಿ ಹಿಲ್’ ವರದಿಯ ವಿಮರ್ಶೆ

ಅಮೆರಿಕದ ರಾಜಕಾರಣಿಯೊಬ್ಬರು ವೇದಿಕೆಯ ಮೇಲೆ ದೇವರ ಹೆಸರೆತ್ತಿದಾಗಲೆಲ್ಲ, ಅದು ಮನಸ್ಸಿನಿಂದ ಬಂದ ಮಾತೋ ಓಟಿಗಾಗಿ ಆಡಿದ ಮಾತೋ ಎಂಬ ಅನುಮಾನ ಕೇಳುವವರಲ್ಲಿ ಹುಟ್ಟುತ್ತದೆ. ಈ ಅನುಮಾನವನ್ನು ಬಗೆಹರಿಸಿಕೊಳ್ಳಲು ಹೊರಟವರಿಗೆ ಬೇಗನೆ ಕೈಗೆ ಸಿಗುವುದು ವಾಷಿಂಗ್ಟನ್‌ನ ಸಮೀಕ್ಷಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ ಎರಡು ವರ್ಷಕ್ಕೊಮ್ಮೆ, ಹೊಸ ಕಾಂಗ್ರೆಸ್ಸು, ಅಂದರೆ ಅಮೆರಿಕದ ಸಂಸತ್ತು, ಸೇರುವ ಹೊತ್ತಿನಲ್ಲಿ, ಹೊರತರುವ ‘ಫೇತ್ ಆನ್ ದಿ ಹಿಲ್’ ಎಂಬ ವರದಿ. ಕಾಂಗ್ರೆಸ್ಸಿನ ಎರಡು ಸದನಗಳಾದ ಸೆನೆಟ್ ಮತ್ತು ಪ್ರತಿನಿಧಿ ಸಭೆಯ ಸದಸ್ಯರು ತಮ್ಮನ್ನು ಯಾವ ಧರ್ಮಕ್ಕೆ, ಯಾವ ಪಂಥಕ್ಕೆ ಸೇರಿದವರೆಂದು ಹೇಳಿಕೊಳ್ಳುತ್ತಾರೆ ಎಂಬುದರ ಪೂರ್ಣ ಲೆಕ್ಕ ಇದರಲ್ಲಿದೆ. ಹಣ ಕೊಡಬೇಕಿಲ್ಲ, ಜಾಲತಾಣದಲ್ಲಿ ಯಾರು ಬೇಕಾದರೂ ತೆರೆದು ಓದಬಹುದು. ಈ ವರದಿಯನ್ನು ನಾನು ಒಂದೇ ಪ್ರಶ್ನೆಯ ಒರೆಗೆ ಹಚ್ಚಿ ನೋಡಿದ್ದೇನೆ: ರಾಜಕಾರಣಿಗಳ ನಂಬಿಕೆ ಪ್ರಾಮಾಣಿಕವೇ ಎಂದು ತಿಳಿಯಬಯಸುವ ಓದುಗನಿಗೆ ಇದರಿಂದ ಎಷ್ಟು ಪ್ರಯೋಜನವಿದೆ?

ಮೊದಲು ಇದು ತಯಾರಾಗುವ ಬಗೆಯನ್ನು ತಿಳಿದುಕೊಳ್ಳಬೇಕು. ಮೂಲ ಮಾಹಿತಿಯನ್ನು ಸಂಗ್ರಹಿಸುವುದು ಸಂಸದೀಯ ಸುದ್ದಿಗಳಿಗೇ ಮೀಸಲಾದ ಸಿಕ್ಯೂ ರೋಲ್ ಕಾಲ್ ಸಂಸ್ಥೆ. ಅದು ಸದಸ್ಯರ ಕಚೇರಿಗಳಿಗೆ ಪ್ರಶ್ನಾವಳಿ ಕಳುಹಿಸುತ್ತದೆ, ಉತ್ತರ ಬಾರದಿದ್ದರೆ ಮತ್ತೆ ಸಂಪರ್ಕಿಸುತ್ತದೆ. ಪ್ಯೂ ಕೇಂದ್ರ ಆ ಉತ್ತರಗಳನ್ನು ಪರಿಷ್ಕರಿಸಿ, ವರ್ಗೀಕರಿಸಿ, ದೇಶದ ವಯಸ್ಕರ ಸಮೀಕ್ಷೆಗಳ ಜೊತೆಗಿಟ್ಟು ಹೋಲಿಸುತ್ತದೆ. 1961ರಲ್ಲಿ ಆರಂಭವಾದ 87ನೆಯ ಕಾಂಗ್ರೆಸ್ಸಿನ ಅಂಕಿಗಳೂ ಹೋಲಿಕೆಗೆ ಸಿಗುವುದರಿಂದ ಆರು ದಶಕಗಳ ಚಲನೆಯನ್ನು ಒಂದೇ ನೋಟದಲ್ಲಿ ಕಾಣಬಹುದು. ಜೊತೆಗೆ ಪ್ರತಿ ಸದಸ್ಯರ ಹೆಸರು ಮತ್ತು ಅವರು ಹೇಳಿಕೊಂಡ ಪಂಥವನ್ನು ತೋರಿಸುವ ವಿವರವಾದ ಪಟ್ಟಿಯೂ ಇದೆ. ನನ್ನ ಮಟ್ಟಿಗೆ ವರದಿಯ ನಿಜವಾದ ಬೆಲೆ ಇರುವುದು ಈ ಪಟ್ಟಿಯಲ್ಲಿ, ಮುಖಪುಟದ ದೊಡ್ಡ ಅಂಕಿಗಳಲ್ಲಿ ಅಲ್ಲ.

2025ರ ಜನವರಿಯಲ್ಲಿ ಆರಂಭವಾದ 119ನೆಯ ಕಾಂಗ್ರೆಸ್ಸಿನ ಆವೃತ್ತಿಯನ್ನೇ ತೆಗೆದುಕೊಳ್ಳೋಣ. ಲೆಕ್ಕಕ್ಕೆ ಸಿಕ್ಕ 532 ಸದಸ್ಯರಲ್ಲಿ 461 ಮಂದಿ, ಅಂದರೆ ನೂರಕ್ಕೆ 87ರಷ್ಟು, ತಮ್ಮನ್ನು ಕ್ರೈಸ್ತರೆಂದು ಗುರುತಿಸಿಕೊಂಡಿದ್ದಾರೆ. ಯಹೂದಿಗಳು 32, ಮುಸ್ಲಿಮರು ಮತ್ತು ಹಿಂದೂಗಳು ತಲಾ ನಾಲ್ವರು, ಬೌದ್ಧರು ಮೂವರು. ಯಾವ ಧರ್ಮಕ್ಕೂ ಸೇರಿಲ್ಲವೆಂದು ಹೇಳಿದವರು ಮೂವರೇ; ಮಾನವತಾವಾದಿ ಎಂದು ಹೇಳಿಕೊಂಡವರು ಒಬ್ಬರು, ಕ್ಯಾಲಿಫೋರ್ನಿಯಾದ ಜೇರೆಡ್ ಹಫ್‌ಮನ್. ಧರ್ಮ ತಿಳಿದುಬಂದಿಲ್ಲದವರ ಅಥವಾ ಹೇಳಲು ಒಪ್ಪದವರ ಸಾಲಿನಲ್ಲಿ 21 ಮಂದಿ ಇದ್ದಾರೆ. ಅಮೆರಿಕದ ವಯಸ್ಕರಲ್ಲಿ ಯಾವ ಧರ್ಮಕ್ಕೂ ಸೇರದವರ ಪ್ರಮಾಣ ನೂರಕ್ಕೆ ಸುಮಾರು 28ರಷ್ಟಿದ್ದರೆ, ಅವರನ್ನು ಪ್ರತಿನಿಧಿಸುವ ಸಭೆಗಳಲ್ಲಿ ಅದು ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ.

ಈ ಅಂತರವನ್ನು ವರದಿ ಎತ್ತಿ ತೋರಿಸುತ್ತದೆ, ಆದರೆ ಅದರ ಕಾರಣವನ್ನು ಓದುಗನೇ ಹುಡುಕಿಕೊಳ್ಳಬೇಕು. ಎರಡು ಸಾಧ್ಯತೆಗಳಿವೆ: ಧರ್ಮವಿಲ್ಲದವರು ಚುನಾವಣೆಯಲ್ಲಿ ಗೆಲ್ಲುತ್ತಿಲ್ಲ, ಇಲ್ಲವೇ ಗೆದ್ದವರು ತಮ್ಮ ನಿಜಸ್ಥಿತಿಯನ್ನು ಹೇಳಿಕೊಳ್ಳುತ್ತಿಲ್ಲ. ಎರಡೂ ಒಟ್ಟಿಗೆ ನಡೆಯುತ್ತಿವೆ ಎಂದು ನಂಬಲು ನನಗೆ ಸಾಕಷ್ಟು ಆಧಾರ ಕಾಣುತ್ತದೆ. ನಾಸ್ತಿಕ ಅಭ್ಯರ್ಥಿ ಅರ್ಹನಾಗಿದ್ದರೆ ಅಧ್ಯಕ್ಷ ಸ್ಥಾನಕ್ಕೆ ಅವನಿಗೆ ಓಟು ಹಾಕುತ್ತೀರಾ ಎಂದು ಗ್ಯಾಲಪ್ ಸಂಸ್ಥೆ 1958ರಲ್ಲಿ ಕೇಳಿದಾಗ ಹೌದು ಎಂದವರು ನೂರಕ್ಕೆ 18 ಮಂದಿ ಮಾತ್ರ. 2019ರಲ್ಲಿ ಆ ಸಂಖ್ಯೆ 60ಕ್ಕೆ ಏರಿತ್ತು. ಏರಿಕೆ ದೊಡ್ಡದೇ, ಆದರೆ ಉಳಿದ ನಲವತ್ತನ್ನು ಮೊದಲೇ ಕಳೆದುಕೊಂಡು ಕಣಕ್ಕಿಳಿಯುವ ಧೈರ್ಯ ಎಷ್ಟು ಅಭ್ಯರ್ಥಿಗಳಿಗಿದ್ದೀತು? ಯಾವ ಹುದ್ದೆಗೂ ಧಾರ್ಮಿಕ ಪರೀಕ್ಷೆ ಇರಕೂಡದೆಂದು ಆ ದೇಶದ ಸಂವಿಧಾನದ ಆರನೆಯ ವಿಧಿ 1787ರಲ್ಲಿಯೇ ಬರೆದಿಟ್ಟಿತು. ಆದರೂ ಮೇರಿಲ್ಯಾಂಡ್ ರಾಜ್ಯದಲ್ಲಿ ಒಬ್ಬ ನೋಟರಿಯಾಗುವುದಕ್ಕೂ ದೇವರಲ್ಲಿ ನಂಬಿಕೆಯಿದೆಯೆಂದು ಘೋಷಿಸಬೇಕಾಗಿತ್ತು. ಆ ನಿಯಮವನ್ನು ಸುಪ್ರೀಂ ಕೋರ್ಟು ಟೊರ್ಕಾಸೊ ಪ್ರಕರಣದಲ್ಲಿ ರದ್ದು ಮಾಡಿದ್ದು 1961ರಲ್ಲಿ. ಕಾನೂನು ತೆಗೆದುಹಾಕಿದ ಪರೀಕ್ಷೆಯನ್ನು ಮತದಾರ ಇನ್ನೂ ನಡೆಸುತ್ತಲೇ ಇದ್ದಾನೆ.

ಹೀಗಾಗಿ ವರದಿಯ 87 ಎಂಬ ಅಂಕಿಯನ್ನು ಸದಸ್ಯರ ಭಕ್ತಿಯ ಅಳತೆಯೆಂದು ಓದಿದರೆ ದಾರಿ ತಪ್ಪುತ್ತದೆ. ಅದು ಮತದಾರರ ಅಪೇಕ್ಷೆಯ ಅಳತೆ. ಕ್ರೈಸ್ತರೆಂದು ಹೇಳಿಕೊಂಡ 461 ಮಂದಿಯಲ್ಲಿ ಪ್ರತಿ ಬೆಳಿಗ್ಗೆ ಮಂಡಿಯೂರಿ ಪ್ರಾರ್ಥಿಸುವವರೂ ಇರಬಹುದು, ಬಾಲ್ಯದಲ್ಲಿ ಪಡೆದ ದೀಕ್ಷಾಸ್ನಾನದ ಹೊರತು ಚರ್ಚಿನ ನೆನಪೇ ಇಲ್ಲದವರೂ ಇರಬಹುದು. ಪಟ್ಟಿಯಲ್ಲಿ ಇಬ್ಬರ ಸಾಲೂ ಒಂದೇ ತರಹ ಕಾಣುತ್ತದೆ. ಈ ಮಿತಿಯನ್ನು ಪ್ಯೂ ಕೇಂದ್ರ ಮುಚ್ಚಿಡುವುದಿಲ್ಲ. ಸದಸ್ಯರು ಯಾವ ಗುಂಪಿಗೆ ಸೇರಿದವರೆಂದು ಹೇಳುತ್ತಾರೆ ಎಂಬುದನ್ನು ಮಾತ್ರ ಕೇಳಲಾಗಿದೆ, ಅವರ ನಂಬಿಕೆ ಮತ್ತು ಆಚರಣೆಗಳನ್ನು ಅಳೆಯುವ ಪ್ರಯತ್ನ ನಡೆದಿಲ್ಲ ಎಂದು ವರದಿ ತಾನೇ ಸ್ಪಷ್ಟಪಡಿಸುತ್ತದೆ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಹೇಳದ ಈ ಸಂಯಮಕ್ಕೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ. ದೋಷವಿರುವುದು ಬಹುಮಟ್ಟಿಗೆ ಈ ಅಂಕಿಗಳನ್ನು ಎತ್ತಿಕೊಂಡು ‘ದೈವಭಕ್ತ ಕಾಂಗ್ರೆಸ್ಸು’ ಎಂದೋ ‘ಸೋಗಿನ ಕಾಂಗ್ರೆಸ್ಸು’ ಎಂದೋ ತಲೆಬರಹ ಕೊಡುವವರಲ್ಲಿ.

ಪಟ್ಟಿಯಲ್ಲಿ ನಾನು ಹೆಚ್ಚು ಹೊತ್ತು ನಿಂತು ನೋಡಿದ ಜಾಗಗಳು ಎರಡು. ಒಂದು, ಉತ್ತರ ಸಿಗದ ಆ 21 ಮಂದಿಯ ಸಾಲು. ಹೇಳದಿರುವುದು ಸುಳ್ಳಲ್ಲ. ಒಂದು ಪಂಥದ ಹೆಸರು ಬರೆದುಬಿಟ್ಟರೆ ಯಾರೂ ಪ್ರಶ್ನಿಸದ ವಾತಾವರಣದಲ್ಲಿ ಉತ್ತರವನ್ನು ಖಾಲಿ ಬಿಡುವುದಕ್ಕೆ ಅದರದೇ ಆದ ಪ್ರಾಮಾಣಿಕತೆ ಬೇಕು. ನಂಬಿಕೆಯಿಲ್ಲದವರೂ, ನಂಬಿಕೆಯನ್ನು ಮಾರುಕಟ್ಟೆಗೆ ತರಲು ಒಪ್ಪದ ಗಾಢ ಭಕ್ತರೂ ಆ ಸಾಲಿನಲ್ಲಿ ಒಟ್ಟಿಗೆ ಕುಳಿತಿರಬಹುದು. ಇನ್ನೊಂದು, ಬ್ಯಾಪ್ಟಿಸ್ಟ್, ಮೆಥಡಿಸ್ಟ್, ಪ್ರೆಸ್‌ಬಿಟೇರಿಯನ್ ಎಂಬ ಯಾವ ಪಂಥವನ್ನೂ ಹೆಸರಿಸದೆ ಬರೀ ‘ಕ್ರಿಶ್ಚಿಯನ್’ ಅಥವಾ ‘ಪ್ರಾಟೆಸ್ಟೆಂಟ್’ ಎಂದಷ್ಟೇ ಬರೆಯುವವರ ಗುಂಪು. ಇತ್ತೀಚಿನ ಕಾಂಗ್ರೆಸ್ಸುಗಳಲ್ಲಿ ಅವರ ಸಂಖ್ಯೆ ನೂರರ ಆಸುಪಾಸಿನಲ್ಲಿದೆ. ಪಂಥಗಳ ಗಡಿ ಮೀರಿದ ಚರ್ಚುಗಳು ದೇಶದಲ್ಲೇ ಬೆಳೆಯುತ್ತಿರುವುದು ಇದಕ್ಕೆ ಒಂದು ಕಾರಣ. ಯಾವ ಮತದಾರನನ್ನೂ ದೂರ ಮಾಡದ, ಯಾವ ಪಾದ್ರಿಯಿಂದಲೂ ಪ್ರಶ್ನೆ ಬಾರದ ಉತ್ತರ ಅದೊಂದೇ ಎಂಬುದು ಮತ್ತೊಂದು ಕಾರಣವಿದ್ದೀತು. ಯಾವ ಸದಸ್ಯ ಯಾವ ಕಾರಣಕ್ಕೆ ಹಾಗೆ ಬರೆದರೆಂದು ಬೇರ್ಪಡಿಸುವ ಉಪಾಯ ಈ ವರದಿಯಲ್ಲಿಲ್ಲ.

ವರದಿಯ ದೊಡ್ಡ ಕೊರತೆಯೆಂದು ನನಗೆ ಅನ್ನಿಸುವುದು ಬೇರೆಯೇ. ಪ್ರತಿ ಆವೃತ್ತಿಯೂ ಒಂದು ಜನವರಿಯ ಚಿತ್ರ. ಒಬ್ಬ ವ್ಯಕ್ತಿಯ ಉತ್ತರ ವರ್ಷಗಳು ಉರುಳಿದಂತೆ ಹೇಗೆ ಬದಲಾಯಿತು ಎಂಬುದು ಅದರಲ್ಲಿ ಕಾಣುವುದಿಲ್ಲ. ಪ್ರಾಮಾಣಿಕತೆಯ ಪ್ರಶ್ನೆಯಾದರೋ ಕಾಲಾವಧಿಯಲ್ಲೇ ಬಿಚ್ಚಿಕೊಳ್ಳುವಂಥದ್ದು. ಇಂಥ ಪಟ್ಟಿ 1847ರ ಕಾಂಗ್ರೆಸ್ಸಿಗೆ ಇದ್ದಿದ್ದರೆ ಇಲಿನಾಯ್ ರಾಜ್ಯದ ಹೊಸ ಸದಸ್ಯ ಅಬ್ರಹಾಂ ಲಿಂಕನ್ನರ ಸಾಲಿನಲ್ಲಿ ಏನು ಬರೆಯುತ್ತಿದ್ದರೆಂದು ಯೋಚಿಸಿ ನೋಡಿ. 1846ರ ಚುನಾವಣೆಯಲ್ಲಿ ಅವರ ಎದುರಾಳಿ ಪೀಟರ್ ಕಾರ್ಟ್‌ರೈಟ್ ಎಂಬ ಹೆಸರಾಂತ ಮೆಥಡಿಸ್ಟ್ ಉಪದೇಶಕ. ಲಿಂಕನ್ ಧರ್ಮನಿಂದಕನೆಂಬ ಸುದ್ದಿ ಹಬ್ಬಿತು. ಅದಕ್ಕೆ ಉತ್ತರವಾಗಿ ಅವರು ಒಂದು ಕರಪತ್ರ ಅಚ್ಚು ಹಾಕಿಸಿದರು: ತಾನು ಯಾವ ಕ್ರೈಸ್ತ ಚರ್ಚಿನ ಸದಸ್ಯನೂ ಅಲ್ಲವೆಂಬುದು ನಿಜ, ಆದರೆ ಧರ್ಮಗ್ರಂಥಗಳ ಸತ್ಯವನ್ನು ತಾನೆಂದೂ ಅಲ್ಲಗಳೆದಿಲ್ಲ, ಧರ್ಮದ ಬಗ್ಗೆ ಬೇಕೆಂದು ಅಗೌರವದ ಮಾತಾಡಿಲ್ಲ ಎಂಬುದು ಅದರ ತಿರುಳು. ಅಷ್ಟೇ ಅಲ್ಲ, ಧರ್ಮದ ಬಹಿರಂಗ ಶತ್ರುವನ್ನು ಹುದ್ದೆಗೆ ಬೆಂಬಲಿಸಲು ತನ್ನಿಂದಲೂ ಆಗದು ಎಂದು ಸೇರಿಸಿದರು. ಈ ಕರಪತ್ರದ ಒಂದೊಂದು ವಾಕ್ಯವನ್ನೂ ಬಿಡಿಸಿ ನೋಡಿದರೆ, ಸುಳ್ಳು ಹೇಳದೆ, ಪೂರ್ತಿ ಹೇಳದೆ, ಮತದಾರರ ಮನಸ್ಸನ್ನೂ ನೋಯಿಸದೆ ನಡೆದ ಎಚ್ಚರದ ಹೆಜ್ಜೆಗಳು ಕಾಣುತ್ತವೆ. ಧರ್ಮಗ್ರಂಥವನ್ನು ನಂಬುತ್ತೇನೆ ಎನ್ನಲಿಲ್ಲ, ಅಲ್ಲಗಳೆದಿಲ್ಲ ಎಂದರು. ಲಿಂಕನ್ ಮುಂದೆಯೂ ಯಾವ ಚರ್ಚನ್ನೂ ಸೇರಲಿಲ್ಲ. ಆದರೆ 1865ರ ಮಾರ್ಚಿನಲ್ಲಿ, ಅಧ್ಯಕ್ಷರಾಗಿ ಎರಡನೆಯ ಬಾರಿ ಅಧಿಕಾರ ಸ್ವೀಕರಿಸುವಾಗ, ಅಂತರ್ಯುದ್ಧದ ಎರಡೂ ಪಕ್ಷಗಳು ಒಂದೇ ಬೈಬಲನ್ನು ಓದಿ ಒಂದೇ ದೇವರನ್ನು ಪ್ರಾರ್ಥಿಸಿದುದನ್ನು ನೆನೆದು, ಗುಲಾಮಗಿರಿಯ ಪಾಪದ ಹೊಣೆಯನ್ನು ಉತ್ತರ ದಕ್ಷಿಣಗಳೆರಡರ ಮೇಲೂ ಹೊರಿಸಿ ಆಡಿದ ಮಾತುಗಳಿಗಿಂತ ಆಳವಾದ ಧಾರ್ಮಿಕ ಮಾತನ್ನು ಆ ಪೀಠದಿಂದ ಮತ್ತಾರೂ ಆಡಿಲ್ಲವೆಂಬುದು ನನ್ನ ಅಭಿಪ್ರಾಯ. ಪಟ್ಟಿಯಲ್ಲಿ ಮಾತ್ರ ಅವರ ಹೆಸರಿನ ಮುಂದೆ ‘ಯಾವುದೂ ಇಲ್ಲ’ ಎಂದೇ ಇರುತ್ತಿತ್ತು.

ಐಸೆನ್‌ಹೋವರ್ ಅವರದು ಇದಕ್ಕೆ ವ್ಯತಿರಿಕ್ತವಾದ ಕಥೆ. 1953ರ ಜನವರಿ 20ರಂದು ಅಧ್ಯಕ್ಷರಾದ ಅವರು ದೀಕ್ಷಾಸ್ನಾನ ಪಡೆದು ಪ್ರೆಸ್‌ಬಿಟೇರಿಯನ್ ಚರ್ಚಿನ ಸದಸ್ಯರಾದದ್ದು ಫೆಬ್ರವರಿ 1ರಂದು, ಹುದ್ದೆಗೆ ಬಂದ ಮೇಲೆ. ಅವರ ಕಾಲದಲ್ಲೇ, 1954ರಲ್ಲಿ, ಧ್ವಜವಂದನೆಯ ಪ್ರತಿಜ್ಞೆಗೆ ದೇವರ ಹೆಸರು ಸೇರಿತು. 1956ರಲ್ಲಿ ದೇವರಲ್ಲಿ ನಮ್ಮ ನಂಬಿಕೆ ಎಂಬುದು ರಾಷ್ಟ್ರದ ಧ್ಯೇಯವಾಕ್ಯವಾಯಿತು. ದೇವರಿಲ್ಲದ ಕಮ್ಯುನಿಸಮ್ಮಿನ ಎದುರು ದೇವರಿರುವ ದೇಶವನ್ನು ನಿಲ್ಲಿಸುವುದು ಆ ಕಾಲದ ರಾಜಕೀಯ ಅಗತ್ಯವಾಗಿತ್ತು. ಇಷ್ಟರಿಂದಲೇ ಅವರ ದೀಕ್ಷೆ ನಾಟಕವೆಂದು ತೀರ್ಮಾನಿಸುವುದು ಅನ್ಯಾಯ. ಅರುವತ್ತು ದಾಟಿದ ಸೇನಾನಿಯೊಬ್ಬರಿಗೆ ಅಧಿಕಾರದ ಭಾರವೇ ಪ್ರಾರ್ಥನೆಯನ್ನು ಕಲಿಸಿರಲೂಬಹುದು. ರಾಜಕೀಯ ಲಾಭವಿದೆ ಎಂಬ ಒಂದೇ ಕಾರಣಕ್ಕೆ ನಂಬಿಕೆ ಸುಳ್ಳಾಗುವುದಿಲ್ಲ; ಲಾಭವಿರುವ ಕಡೆ ನಮಗೆ ಸಾಕ್ಷ್ಯ ಸಿಗುವುದಿಲ್ಲ, ಅಷ್ಟೇ.

ಸಾಕ್ಷ್ಯ ಸಿಗುವುದು ನಷ್ಟವಾದ ಕಡೆ. ಇದೇ ಈ ವಿಷಯದಲ್ಲಿ ನಾನು ನೆಚ್ಚಿಕೊಂಡಿರುವ ಒರೆಗಲ್ಲು, ಮತ್ತು ಈ ವರದಿಯ ಪಕ್ಕದಲ್ಲಿಟ್ಟು ಬಳಸಬೇಕಾದ ಉಪಕರಣವೂ ಇದೇ. ಒರೆಗಾನ್ ರಾಜ್ಯದ ರಿಪಬ್ಲಿಕನ್ ಸೆನೆಟರ್ ಮಾರ್ಕ್ ಹ್ಯಾಟ್‌ಫೀಲ್ಡ್ ಪಟ್ಟಿಯ ಭಾಷೆಯಲ್ಲಿ ಹೇಳುವುದಾದರೆ ಬರೀ ‘ಬ್ಯಾಪ್ಟಿಸ್ಟ್’. 1973ರ ರಾಷ್ಟ್ರೀಯ ಪ್ರಾರ್ಥನಾ ಉಪಾಹಾರಕೂಟದಲ್ಲಿ, ತಮ್ಮದೇ ಪಕ್ಷದ ಅಧ್ಯಕ್ಷ ನಿಕ್ಸನ್ ಎದುರಿಗಿರುವಾಗಲೇ, ಅವರು ವಿಯೆಟ್ನಾಂ ಯುದ್ಧವನ್ನು ರಾಷ್ಟ್ರದ ಆತ್ಮಕ್ಕೆ ಕಲೆಯುಳಿಸಿದ ಪಾಪವೆಂದು ಕರೆದು ಪಶ್ಚಾತ್ತಾಪಕ್ಕೆ ಕರೆಕೊಟ್ಟರು. ಗರ್ಭಪಾತವನ್ನು ವಿರೋಧಿಸಿದ ಅದೇ ವ್ಯಕ್ತಿ ಮರಣದಂಡನೆಯನ್ನೂ ವಿರೋಧಿಸಿದರು. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧಕ್ಕೆ ಅನುಮತಿ ನೀಡುವ ನಿರ್ಣಯದ ವಿರುದ್ಧ ಮತ ಹಾಕಿದ ಇಬ್ಬರೇ ರಿಪಬ್ಲಿಕನ್ ಸೆನೆಟರುಗಳಲ್ಲಿ ಒಬ್ಬರಾಗಿದ್ದರು. ಜೀವ ಪವಿತ್ರವೆಂಬ ತಮ್ಮ ನಂಬಿಕೆಯನ್ನು ಅವರು ಪಕ್ಷದ ಅನುಕೂಲಕ್ಕೆ ತಕ್ಕಂತೆ ಕತ್ತರಿಸಿಕೊಳ್ಳಲಿಲ್ಲ. ಆ ನಂಬಿಕೆಯನ್ನು ಒಪ್ಪದವರೂ ಅದು ನಿಜವಾದ ನಂಬಿಕೆಯೆಂದು ಒಪ್ಪಬೇಕಾಗುತ್ತದೆ.

ಜಿಮ್ಮಿ ಕಾರ್ಟರ್ ಅವರ ವಿಷಯದಲ್ಲಿ ಅಧಿಕಾರ ಹೋದ ನಂತರದ ದಶಕಗಳೇ ಸಾಕ್ಷಿ. 1976ರ ಚುನಾವಣೆಯಲ್ಲಿ ತಾನು ಕ್ರಿಸ್ತನಲ್ಲಿ ಮರುಜನ್ಮ ಪಡೆದವನೆಂದು ಬಹಿರಂಗವಾಗಿ ಹೇಳಿಕೊಂಡಾಗ ಅದನ್ನು ದಕ್ಷಿಣದ ಓಟುಗಳ ಲೆಕ್ಕಾಚಾರವೆಂದು ಶಂಕಿಸಬಹುದಾಗಿತ್ತು. ಓಟು ಕೇಳುವ ಅಗತ್ಯವೇ ಇಲ್ಲದ ಕಾಲದಲ್ಲೂ ಅವರು ಜಾರ್ಜಿಯಾದ ಪ್ಲೇನ್ಸ್ ಎಂಬ ಸಣ್ಣ ಊರಿನ ಮರನಾಥ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ, ತೊಂಬತ್ತು ದಾಟಿದ ಮೇಲೂ, ಭಾನುವಾರದ ಬೈಬಲ್ ಪಾಠ ಹೇಳುತ್ತಿದ್ದರು. 2000ದಲ್ಲಿ, ಹೆಂಗಸರ ಸ್ಥಾನದ ಕುರಿತು ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ ತಳೆದ ನಿಲುವನ್ನು ಒಪ್ಪಲಾರದೆ, ಜೀವಮಾನವಿಡೀ ತಮ್ಮದಾಗಿದ್ದ ಆ ಒಕ್ಕೂಟದಿಂದ ದೂರ ಸರಿದರು. ಅವರನ್ನು 1980ರಲ್ಲಿ ಸೋಲಿಸಿದ ರೇಗನ್ ಅಧ್ಯಕ್ಷರಾಗಿದ್ದಾಗ ಚರ್ಚಿಗೆ ಹೋದದ್ದೇ ಅಪರೂಪ. ಭದ್ರತಾ ವ್ಯವಸ್ಥೆಯಿಂದ ಇತರ ಭಕ್ತರಿಗೆ ತೊಂದರೆಯಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಆದರೂ ಬಿಳಿಯ ಇವ್ಯಾಂಜೆಲಿಕಲ್ (ಬೈಬಲ್ಲಿಗೂ ವೈಯಕ್ತಿಕ ಮರುಜನ್ಮಕ್ಕೂ ಒತ್ತು ಕೊಡುವ ಪ್ರಾಟೆಸ್ಟೆಂಟ್) ಮತದಾರರ ದೊಡ್ಡ ಪಾಲು ರೇಗನ್ ಕಡೆಗೇ ವಾಲಿತು. ಭಕ್ತಿಯ ಪ್ರಾಮಾಣಿಕತೆಯನ್ನು ಮತದಾರರು ಪುರಸ್ಕರಿಸುತ್ತಾರೆಂಬ ನಂಬಿಕೆಗೆ ಇದಕ್ಕಿಂತ ಗಟ್ಟಿಯಾದ ಪೆಟ್ಟು ಬೇಕಿಲ್ಲ.

ಸಂಶಯ ತಪ್ಪಾದ ಉದಾಹರಣೆಯೂ ಇದೆ. ನಿಕ್ಸನ್ ಅವರ ಆಪ್ತ ಸಲಹೆಗಾರ ಚಾರ್ಲ್ಸ್ ಕೋಲ್ಸನ್ 1973ರಲ್ಲಿ, ವಾಟರ್‌ಗೇಟ್ ಹಗರಣದ ಉರುಳು ಬಿಗಿಯಾಗುತ್ತಿದ್ದ ಹೊತ್ತಿನಲ್ಲಿ, ತಾನು ಕ್ರೈಸ್ತನಾಗಿ ಮನಃಪರಿವರ್ತನೆ ಹೊಂದಿದ್ದೇನೆಂದಾಗ ಪತ್ರಿಕೆಗಳು ಗೇಲಿ ಮಾಡಿದವು. ಆ ಗೇಲಿಗೆ ಕಾರಣವೂ ಇತ್ತು. ಆದರೆ ಕೋಲ್ಸನ್ 1974ರಲ್ಲಿ ನ್ಯಾಯಕ್ಕೆ ಅಡ್ಡಿಪಡಿಸಿದ ತಪ್ಪನ್ನು ಒಪ್ಪಿಕೊಂಡು ಏಳು ತಿಂಗಳು ಜೈಲಿನಲ್ಲಿದ್ದರು. 1976ರಲ್ಲಿ ಕೈದಿಗಳಿಗಾಗಿ ‘ಪ್ರಿಸನ್ ಫೆಲೋಶಿಪ್’ ಎಂಬ ಸಂಸ್ಥೆ ಕಟ್ಟಿ, 2012ರಲ್ಲಿ ತೀರಿಕೊಳ್ಳುವವರೆಗೆ ಆ ಕೆಲಸದಲ್ಲಿ ತೊಡಗಿಕೊಂಡಿದ್ದರು. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಜೈಲುಗಳನ್ನು ಸುತ್ತಿದವರನ್ನು ವೇಷಧಾರಿಯೆನ್ನಲು ನನಗೆ ನಾಲಗೆ ಬಾರದು.

ಇದಕ್ಕೆ ಎದುರಾಗಿ ಒಬಾಮಾ ಅವರ ಪ್ರಸಂಗ. 2008ರ ಪ್ರಚಾರದಲ್ಲಿ ಮದುವೆ ಒಂದು ಗಂಡು ಒಂದು ಹೆಣ್ಣಿನ ನಡುವಿನದು, ಕ್ರೈಸ್ತನಾದ ತನಗೆ ಅದು ಪವಿತ್ರ ಬಂಧನವೂ ಹೌದು ಎಂದು ಅವರು ಚರ್ಚಿನ ವೇದಿಕೆಯಲ್ಲೇ ಹೇಳಿದರು. 2012ರ ಮೇ ತಿಂಗಳಲ್ಲಿ ಸಲಿಂಗ ವಿವಾಹವನ್ನು ಬೆಂಬಲಿಸಿದರು. ಅವರ ಆಪ್ತ ಚುನಾವಣಾ ತಂತ್ರಗಾರ ಡೇವಿಡ್ ಆಕ್ಸೆಲ್‌ರಾಡ್, ಮೊದಲಿನ ನಿಲುವು ಕಪ್ಪು ಜನರ ಚರ್ಚುಗಳ ವಿರೋಧಕ್ಕೆ ಅಂಜಿ ತಳೆದದ್ದೆಂಬ ಅರ್ಥದಲ್ಲಿ 2015ರಲ್ಲಿ ಬರೆದರು; ಒಬಾಮಾ ಆ ವಿವರಣೆಯನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಆಕ್ಸೆಲ್‌ರಾಡ್ ಹೇಳಿದ್ದು ನಿಜವಾದರೆ ಒಬಾಮಾ ಅವರ ದೇವರು ಸುಳ್ಳಾಗುವುದಿಲ್ಲ, ದೇವರ ಹೆಸರಿನಲ್ಲಿ ಆಡಿದ ಆ ಒಂದು ಮಾತು ಸುಳ್ಳಾಗುತ್ತದೆ. ಇದು ನನಗೆ ಹೆಚ್ಚು ನೋವು ಕೊಡುವ ಬಗೆಯ ಅಪ್ರಾಮಾಣಿಕತೆ, ಏಕೆಂದರೆ ಆ ಮಾತನ್ನು ಇಬ್ಬರು ನಂಬಿದ್ದರು: ಸಾಂಪ್ರದಾಯಿಕ ಭಕ್ತರು, ಮತ್ತು ಆ ಮಾತಿನಿಂದ ಹೊರಗೆ ಉಳಿದ ಸಲಿಂಗಿಗಳು.

ಪ್ಯೂ ಕೇಂದ್ರದ ಇನ್ನೊಂದು ಸಮೀಕ್ಷೆಯನ್ನು ಇದರೊಂದಿಗೆ ಓದಿದರೆ ಚಿತ್ರ ಇನ್ನಷ್ಟು ತಿಳಿಯಾಗುತ್ತದೆ. 2024ರ ಆರಂಭದಲ್ಲಿ ಅದು ಟ್ರಂಪ್ ಎಷ್ಟು ಧಾರ್ಮಿಕ ವ್ಯಕ್ತಿಯೆಂದು ಜನರನ್ನು ಕೇಳಿದಾಗ, ಬಹಳ ಧಾರ್ಮಿಕರೆಂದವರು ನೂರಕ್ಕೆ 4 ಮಂದಿ. ಅಷ್ಟೇನೂ ಅಲ್ಲ ಅಥವಾ ಸ್ವಲ್ಪವೂ ಅಲ್ಲ ಎಂದವರು 68 ಮಂದಿ. 2020ರ ಜೂನ್ 1ರಂದು ಸೇಂಟ್ ಜಾನ್ಸ್ ಚರ್ಚಿನ ಮುಂದೆ ಬೈಬಲ್ ಎತ್ತಿ ಹಿಡಿದು ನಿಂತವರು, ಅದೇ ವರ್ಷದ ಅಕ್ಟೋಬರಿನಲ್ಲಿ ತಾನಿನ್ನು ಪ್ರೆಸ್‌ಬಿಟೇರಿಯನ್ ಅಲ್ಲ, ಪಂಥಾತೀತ ಕ್ರೈಸ್ತ ಎಂದು ಘೋಷಿಸಿದವರು ಅವರು. ಆದರೂ ಬಿಳಿಯ ಇವ್ಯಾಂಜೆಲಿಕಲ್ ಮತದಾರರಲ್ಲಿ ಬಹುದೊಡ್ಡ ಬಹುಮತ ಮತ್ತೆ ಮತ್ತೆ ಅವರ ಬೆನ್ನಿಗೆ ನಿಂತಿತು. ತನ್ನಂತೆಯೇ ಪ್ರಾರ್ಥಿಸುವ ನಾಯಕನಿಗಿಂತ ತನ್ನ ಪರವಾಗಿ ಹೋರಾಡುವ ನಾಯಕ ಬೇಕೆಂದು ಮತದಾರ ತೀರ್ಮಾನಿಸಿದ ಮೇಲೆ, ರಾಜಕಾರಣಿಯ ಅಂತರಂಗದ ಪ್ರಶ್ನೆಯನ್ನು ಕೇಳುವವರೇ ಇರುವುದಿಲ್ಲ.

ಹಾಗೆಂದು ಎಲ್ಲ ದೋಷವನ್ನೂ ರಾಜಕಾರಣಿಗಳ ಮೇಲೆ ಹಾಕುವುದು ಸರಿಯಲ್ಲ. 1993ರಲ್ಲಿ ಹ್ಯಾಡವೇ, ಮಾರ್ಲರ್ ಮತ್ತು ಚೇವ್ಸ್ ಎಂಬ ಮೂವರು ಸಮಾಜಶಾಸ್ತ್ರಜ್ಞರು ಓಹಾಯೊ ರಾಜ್ಯದ ಒಂದು ಕೌಂಟಿಯ ಪ್ರಾಟೆಸ್ಟೆಂಟರು ವಾರವಾರ ಚರ್ಚಿಗೆ ಹೋಗುತ್ತೇವೆಂದು ಹೇಳುವ ಪ್ರಮಾಣವನ್ನು ಚರ್ಚುಗಳಲ್ಲಿ ನಿಜವಾಗಿ ಬಂದು ಕುಳಿತವರ ಎಣಿಕೆಯೊಂದಿಗೆ ಹೋಲಿಸಿ ನೋಡಿದರು. ಹೇಳಿದವರ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಮಾತ್ರ ಲೆಕ್ಕಕ್ಕೆ ಸಿಕ್ಕರು. ಫೋನಿನ ಆಚೆ ತುದಿಯ ಅಪರಿಚಿತನೊಬ್ಬ ಕೇಳಿದರೂ ಸಾಮಾನ್ಯ ಜನ ತಮ್ಮ ಭಕ್ತಿಯನ್ನು ಹಿಗ್ಗಿಸಿ ಹೇಳುತ್ತಾರೆಂದ ಮೇಲೆ, ಲಕ್ಷಾಂತರ ಮತದಾರರ ಕಣ್ಣ ಮುಂದಿರುವವನು ಹಿಗ್ಗಿಸುವುದರಲ್ಲಿ ಅಚ್ಚರಿಯೇನಿದೆ? ಅವರೆಲ್ಲ ವಂಚಕರಲ್ಲ, ಬಹುಮಂದಿ ತಾವು ಆಗಬಯಸುವ ಭಕ್ತನ ಚಿತ್ರವನ್ನೇ ತಮ್ಮ ನಿಜರೂಪವೆಂದು ನಂಬಿ ಉತ್ತರಿಸುವವರು. ಪೂರ್ಣ ಭಕ್ತಿ ಮತ್ತು ಪೂರ್ಣ ಸೋಗು ಎರಡೂ ವಿರಳವೆಂದೂ, ನಡುವಿನ ವಿಶಾಲ ಬಯಲಿನಲ್ಲೇ ಹೆಚ್ಚಿನ ರಾಜಕಾರಣಿಗಳು ಬದುಕುತ್ತಿದ್ದಾರೆಂದೂ ನಾನು ತಿಳಿಯುತ್ತೇನೆ.

ಕೊನೆಗೆ ಬಳಕೆಯ ಮಾತು. ಅಮೆರಿಕದ ರಾಜಕಾರಣ ಮತ್ತು ಧರ್ಮದ ಬಗ್ಗೆ ಬರೆಯುವ ಪತ್ರಕರ್ತರಿಗೆ, ವಿದ್ಯಾರ್ಥಿಗಳಿಗೆ ಈ ವರದಿಯನ್ನು ಹಿಂಜರಿಯದೆ ಶಿಫಾರಸು ಮಾಡುತ್ತೇನೆ. ಅಂಕಿಗಳು ಸ್ಪಷ್ಟವಾಗಿವೆ, ವಿಧಾನ ಪಾರದರ್ಶಕವಾಗಿದೆ, ಪಕ್ಷಪಾತದ ಸುಳಿವು ಎಲ್ಲೂ ಕಾಣಲಿಲ್ಲ. ರಿಪಬ್ಲಿಕನ್ ಸದಸ್ಯರಲ್ಲಿ ನೂರಕ್ಕೆ 98 ಮಂದಿ ಕ್ರೈಸ್ತರು, ಡೆಮಾಕ್ರಟರಲ್ಲಿ ಸುಮಾರು 75 ಎಂಬ ಅಂಕಿಯನ್ನು ವ್ಯಾಖ್ಯಾನದ ಒಗ್ಗರಣೆಯಿಲ್ಲದೆ ಇಟ್ಟಿರುವುದು ಮೆಚ್ಚತಕ್ಕದ್ದು. ಆದರೆ ತನ್ನ ಕ್ಷೇತ್ರದ ಸದಸ್ಯನ ದೈವಭಕ್ತಿ ಎಷ್ಟು ನಿಜವೆಂದು ತೂಗಲು ಬಯಸುವ ಮತದಾರ ಈ ಪಟ್ಟಿಯನ್ನು ಒಂಟಿಯಾಗಿ ಬಳಸಬಾರದು. ಆ ಸದಸ್ಯ ಪಕ್ಷದ ಆಜ್ಞೆಯನ್ನು ಮೀರಿ ಮತ ಹಾಕಿದ ಸಂದರ್ಭಗಳನ್ನು ಕಾಂಗ್ರೆಸ್ಸಿನ ಮತದಾನದ ದಾಖಲೆಯಲ್ಲಿ ಹುಡುಕಿ, ಅವುಗಳಲ್ಲಿ ಯಾವುದಕ್ಕೆ ಧರ್ಮವನ್ನು ಕಾರಣವಾಗಿ ಕೊಟ್ಟಿದ್ದಾರೆಂದು ಜೊತೆಗಿಟ್ಟು ಓದಬೇಕು. 120ನೆಯ ಕಾಂಗ್ರೆಸ್ಸು ಸೇರುವ 2027ರ ಜನವರಿಯ ಹೊತ್ತಿಗೆ ಮುಂದಿನ ಆವೃತ್ತಿಯನ್ನು ನಿರೀಕ್ಷಿಸಬಹುದು. ಆಗ ಪ್ರತಿ ಸದಸ್ಯರ ಹೆಸರಿನ ಎದುರು ಅವರು ಹಿಂದಿನ ಆವೃತ್ತಿಗಳಲ್ಲಿ ಕೊಟ್ಟ ಉತ್ತರಗಳನ್ನೂ ಒಂದು ಅಂಕಣದಲ್ಲಿ ತೋರಿಸಿದರೆ, ಯಾರ ಉತ್ತರ ಯಾವ ಚುನಾವಣೆಯ ಆಸುಪಾಸಿನಲ್ಲಿ ಬದಲಾಯಿತೆಂದು ಓದುಗ ತಾನೇ ನೋಡಿಕೊಳ್ಳಬಹುದು.